ಐವತ್ತು ದಿನಕ್ಕೊಮ್ಮೆ

ನರಸಿಂಹರಾಜಪುರ
22 ಮೇ 2025

ರೇಖಾ ಅವರಿಗೆ,

ಕೊಪ್ಪದ ಗ್ಯಾರೇಜಿನ ಕುಸುಮಾ ಮಾಡುವ ನಮಸ್ಕಾರ. ಫೋನ್ ಇರುವಾಗ ಇವಳು ಯಾಕೆ ಕಾಗದ ಬರೆದಳು ಎಂದು ನಿಮಗೆ ಅನ್ನಿಸಬಹುದು. ಜನವರಿಯಲ್ಲಿ ನಾನು ನಿಮಗೆ ಸುಳ್ಳು ಹೇಳಿದ್ದು ಫೋನಿನಲ್ಲಿ. ಅದೇ ರೀತಿ ನಿಜವನ್ನೂ ಹೇಳಿಬಿಡೋಣ ಎಂದು ಈ ವಾರ ಇಲ್ಲಿ ತವರಿನಲ್ಲಿ ನಾಲ್ಕು ಸಲ ನನ್ನ ತಮ್ಮನ ಫೋನಿನಿಂದ ನಿಮ್ಮ ನಂಬರು ಒತ್ತಿದೆ. ನಿಮ್ಮ ದನಿ ಕೇಳುತ್ತಲೇ ಕಟ್ ಮಾಡಿದೆ. ಯಾರೋ ಪೋಲಿಗಳು ಎಂದು ನೀವು ಬೈದುಕೊಂಡಿರಬಹುದು. ಅದು ನಾನು.

ಫೆಬ್ರವರಿ ಹದಿನೆಂಟರಂದು ಏರಿನಲ್ಲಿ ನಿಮ್ಮ ಜೀಪಿನ ಎಂಜಿನ್ ಹಿಡಿದುಕೊಂಡು ನಿಂತುಹೋದದ್ದು ನಿಮ್ಮ ತಪ್ಪಿನಿಂದಲ್ಲ. ನಮ್ಮ ಯಜಮಾನರು ಊರಿಗೆಲ್ಲ ಹೇಳಿಕೊಂಡು ಬಂದ ಹಾಗೆ ಇವರ ತಪ್ಪಿನಿಂದಲೂ ಅಲ್ಲ. ಮಾಡಿದವಳು ನಾನು. ಹೇಗೆ ಮಾಡಿದೆ ಎನ್ನುವುದು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಯಾಕೆ ಮಾಡಿದೆ ಎಂದು ಹೇಳುವುದಕ್ಕೆ ಇಷ್ಟು ಹಾಳೆ ಬೇಕಾಯಿತು. ಸಿಟ್ಟು ಬಂದರೂ ಕೊನೆಯ ತನಕ ಓದಿ.

ನಮ್ಮ ಮದುವೆಯಾಗಿ ಹದಿನಾಲ್ಕು ವರ್ಷ. ಅದರಲ್ಲಿ ಒಂಬತ್ತು ವರ್ಷ ನಾನು ಗ್ಯಾರೇಜಿಗೆ ತಾಗಿದ ಆ ಸಣ್ಣ ಕೋಣೆಯಲ್ಲಿ ಕೂತಿದ್ದೇನೆ. ಯಾರ ಗಾಡಿ ಯಾವತ್ತು ಬಂತು, ಎಷ್ಟು ಓಡಿತ್ತು, ಯಾವ ಆಯಿಲ್ ಹಾಕಿದ್ದು, ಇದನ್ನೆಲ್ಲ ಪುಸ್ತಕದಲ್ಲಿ ಬರೆಯುವುದು ನಾನೇ. ಮುಂದಿನ ಸಲ ಯಾವಾಗ ಬರಬೇಕು ಎಂದು ಇವರು ಒಳಗಿಂದ ಕೂಗಿ ಹೇಳುತ್ತಾರೆ. ನಾನು ಚೀಟಿಯಲ್ಲಿ ತಾರೀಖು ಬರೆದು ಗಾಡಿಯ ಬಾಗಿಲಿನ ಒಳಬದಿಗೆ ಅಂಟಿಸುತ್ತೇನೆ. ಆ ದಿನ ಹತ್ತಿರ ಬಂದಾಗ ಫೋನ್ ಮಾಡಿ ನೆನಪಿಸುತ್ತೇನೆ. ಇವರ ಕೈಯಲ್ಲಿ ಸದಾ ಗ್ರೀಸು, ಹಾಗಾಗಿ ಇವರ ಫೋನೂ ನನ್ನ ಮೇಜಿನ ಮೇಲೆಯೇ.

ನೀವು ಮೊದಲ ಸಲ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಿಮ್ಮ ಯಜಮಾನರು ಜ್ವರದಲ್ಲಿ ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಜೀಪನ್ನು ನೀವೇ ಓಡಿಸಿಕೊಂಡು ಬಂದು, ಹಿಂದಕ್ಕೆ ತಿರುಗಿಸಲು ಬಾರದೆ ಅಂಗಳದ ನಡುವೆ ಅಡ್ಡ ನಿಲ್ಲಿಸಿದಿರಿ. ಇವರು ನಕ್ಕರು. ನಾನು ಇವರಿಗೆ ಬೈದೆ. ನಿಮಗೆ ಟೀ ಮಾಡಿಕೊಟ್ಟೆ. ಬಸರೀಕಟ್ಟೆಯಿಂದ ತೋಟದ ಕೆಲಸದ ಹೆಂಗಸರನ್ನು ಕೂರಿಸಿಕೊಂಡು ಒಬ್ಬ ಹೆಣ್ಣುಮಗಳು ಜೀಪು ಹೊಡೆಯುತ್ತಾಳೆ ಎಂದು ಇಲ್ಲಿ ನನ್ನ ಅಮ್ಮನಿಗೂ ಹೇಳಿಕೊಂಡು ಹೆಮ್ಮೆಪಟ್ಟಿದ್ದೆ. ಇದು ನಿಜ. ಮೊದಲಿಂದಲೇ ನಿಮ್ಮ ಮೇಲೆ ಕಣ್ಣಿಟ್ಟಿದ್ದೆ ಎಂದುಕೊಳ್ಳಬೇಡಿ.

ನಿಮ್ಮ ಜೀಪಿಗೆ ಇಪ್ಪತ್ತನಾಲ್ಕು ವರ್ಷ. ಕಿಲೋಮೀಟರ್ ತೋರಿಸುವ ಮೀಟರು ಕೆಟ್ಟು ಯಾವ ಕಾಲವಾಗಿತ್ತೋ. ದಿನಕ್ಕೆ ಹೆಚ್ಚುಕಡಿಮೆ ಅರವತ್ತು ಕಿಲೋಮೀಟರ್ ಎಂದು ಹಿಡಿದು ಇವರು ದಿನದ ಮೇಲೆ ಹೇಳುತ್ತಿದ್ದರು. ಮೊದಲ ವರ್ಷ ಎಂಬತ್ತು ದಿನಕ್ಕೊಮ್ಮೆ ಆಯಿಲ್ ಬದಲಿಸಿ ಎಂದರು. ಆಮೇಲೆ ಅರವತ್ತೈದು. ಹೋದ ವರ್ಷ ಐವತ್ತಕ್ಕೆ ಇಳಿಸಿದರು. ನನ್ನ ಪುಸ್ತಕದಲ್ಲಿ ನಿಮ್ಮ ಹೆಸರಿನ ಸಾಲುಗಳು ಒಂದಕ್ಕೊಂದು ಹತ್ತಿರ ಬರತೊಡಗಿದವು. ಬೇರೆ ಹಳೆಯ ಗಾಡಿಗಳಿಗೂ ಇವರು ಹೀಗೆ ಇಳಿಸಿದ್ದರೋ ಏನೋ. ನಾನು ನೋಡಲಿಲ್ಲ. ನಿಮ್ಮ ಸಾಲುಗಳನ್ನು ಮಾತ್ರ ಬೆರಳಿಟ್ಟು ಎಣಿಸಿದೆ.

ಐವತ್ತು ದಿನ ಅಂದದ್ದಕ್ಕೆ ನೀವು ಒಮ್ಮೆ ಮೂವತ್ತಾರಕ್ಕೇ ಬಂದಿರಿ. ಇನ್ನೊಮ್ಮೆ ನಲವತ್ತಕ್ಕೆ. ಓಡಾಟ ಜಾಸ್ತಿಯಾಯಿತು, ಆಗಲೇ ಮೂರು ಸಾವಿರ ಕಿಲೋಮೀಟರ್ ಆಗಿದೆ ಎಂದಿರಿ. ಮೀಟರು ಓಡದ ಗಾಡಿ, ನೀವು ಬಾಯಲ್ಲಿ ಹೇಳಿದ್ದನ್ನು ನಾನು ಬರೆದುಕೊಂಡೆ.

ಹೋದ ವರ್ಷದ ಯುಗಾದಿಯ ತನಕ ನೀವು ಇವರನ್ನು ‘ಸುಂದರೇಶಣ್ಣ’ ಅನ್ನುತ್ತಿದ್ದಿರಿ. ಆಮೇಲೆ ಆ ಅಣ್ಣ ಬಿದ್ದುಹೋಯಿತು. ಸುಂದರೇಶ್ ಎಂದೂ ಅನ್ನುತ್ತಿರಲಿಲ್ಲ. ‘ಇಲ್ನೋಡಿ’, ‘ಸ್ವಲ್ಪ ಬನ್ನಿ’ ಅಷ್ಟೇ. ಹೆಸರು ಹಿಡಿಯದೆ ಕರೆಯುವುದು ನಾನು. ನನ್ನ ರೀತಿಯಲ್ಲಿ ಇನ್ನೊಬ್ಬರು ಕರೆದರೆ ನನಗೆ ಕೇಳಿಸದೆ ಇರುತ್ತದೆಯೇ? ಇವರೂ ಅಷ್ಟೇ. ಸೋಪಿನ ಪುಡಿಯಲ್ಲಿ ಒಮ್ಮೆ ಕೈ ತೊಳೆದು ಊಟಕ್ಕೆ ಕೂರುವ ಮನುಷ್ಯ ನಿಮ್ಮ ಜೀಪಿನ ಸದ್ದು ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಕೇಳಿದೊಡನೆ ಎದ್ದು ಎರಡೆರಡು ಸಲ ಕೈ ತೊಳೆಯುತ್ತಿದ್ದರು. ಮತ್ತೆ ಅದೇ ಕೈಯನ್ನು ಆಯಿಲ್‌ಗೆ ಹಾಕಲು.

ಇದೆಲ್ಲವನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ನುಂಗಲಾಗದ್ದು ಬೇರೆ ಇತ್ತು. ಒಂದು ದಿನ ನೀವು ಕೇಳಿದಿರಿ, ಎಂಬತ್ತು ದಿನ ಇದ್ದದ್ದು ಐವತ್ತು ಯಾಕಾಯಿತು ಎಂದು. ನಡುವೆ ಹಲಗೆಯ ಗೋಡೆ ಮಾತ್ರ, ಇವರ ಮಾತು ಒಂದೂ ಬಿಡದೆ ಕೇಳಿಸಿತು. “ಹೊಸ ಎಂಜಿನ್ ಇದ್ದಾಗ ಒಳಗಿನ ಸಾಮಾನು ಬಿಗಿ ಇರ್ತದೆ. ವರ್ಷ ಹೋದ ಹಾಗೆ ಸವೀತದೆ, ಸಂದು ಬೀಳ್ತದೆ. ಆ ಸಂದಲ್ಲಿ ಮಸಿ ಇಳೀತದೆ, ಡೀಸೆಲ್ಲೂ ಇಳೀತದೆ. ಆಯಿಲ್ ಪಾಪ ಎಷ್ಟೂಂತ ತಡ್ಕೊಳ್ತದೆ? ಕಂಪೆನಿ ಪುಸ್ತಕದಲ್ಲಿ ಬರ್ದಿರೋದು ಹೊಸ ಗಾಡಿಗೆ, ಸಪಾಟು ರೋಡಿಗೆ. ನಿಮ್ದು ಬರೀ ಏರು, ಮೇಲಿಂದ ಹನ್ನೊಂದು ಜನ. ಗಾಡಿಗೆ ವಯಸ್ಸಾದಷ್ಟೂ ಬೇಗ ಬೇಗ ಬರ್ಬೇಕು.” ಆಮೇಲೆ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಕಡ್ಡಿ ಎಳೆದು ನಿಮ್ಮ ಬೆರಳಿಗೆ ಆಯಿಲ್ ಹಚ್ಚಿಸಿದರು. ಡೀಸೆಲ್ ಗಾಡಿಯಲ್ಲಿ ಎರಡೇ ದಿನಕ್ಕೆ ಕಪ್ಪಾಗುತ್ತದೆ, ಬಣ್ಣ ನೋಡಿ ಹೇಳಲಿಕ್ಕಾಗುವುದಿಲ್ಲ, ಬೆರಳಲ್ಲಿ ತಿಕ್ಕಿ ಅದರ ಜಾರು ನೋಡಬೇಕು ಎಂದರು. ಹಳೆಯ ಎಂಜಿನ್ ಆಯಿಲ್ ಕುಡಿಯುತ್ತದೆ, ಸೋಮವಾರ ಸೋಮವಾರ ಮಟ್ಟ ನೋಡಿ ಎಂದರು. ಇಪ್ಪತ್ತು ನಿಮಿಷ ಮಾತಾಡಿದರು ರೇಖಾ. ನಾನು ಗಡಿಯಾರ ನೋಡುತ್ತಿದ್ದೆ.

ಒಂಬತ್ತು ವರ್ಷ ನಾನು ಎಂಬತ್ತು, ಅರವತ್ತೈದು, ಐವತ್ತು ಎಂದು ಬರೆದಿದ್ದೇನೆ. ಯಾಕೆ ಎಂದು ಒಮ್ಮೆಯೂ ನನಗೆ ಯಾರೂ ಹೇಳಿರಲಿಲ್ಲ. ಅವತ್ತು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಕೇಳಿದೆ, ಹಳೇ ಗಾಡಿಗೆ ಆಯಿಲ್ ಯಾಕೆ ಬೇಗ ಹಾಳಾಗುತ್ತದೆ ಎಂದು. “ಅದೆಲ್ಲ ನಿಂಗೆ ಎಂತಕ್ಕೆ?” ಎಂದು ಸಾರು ಹಾಕಿಸಿಕೊಂಡರು. ಇವರು ನಿಮ್ಮ ಕೈ ಹಿಡಿದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ನವೆಂಬರ್ ಹತ್ತರಂದು ನೀವು ಬಂದು ಹೋದಿರಿ. ಇವರು ಜೀಪಿನ ಅಡಿಯಿಂದಲೇ ಕೂಗಿದರು, “ಕುಸುಮಾ, ಐವತ್ತು ದಿನ.” ನಾನು ಪೆನ್ನು ತೆಗೆದುಕೊಂಡೆ. ಐವತ್ತು ದಿನಕ್ಕೆ ಎಂದರೆ ಡಿಸೆಂಬರ್ ಕೊನೆ. ನಾನು ಏಪ್ರಿಲ್ ಹತ್ತು ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು. ಚೀಟಿಯನ್ನು ನಾನೇ ಬಂದು ನಿಮ್ಮ ಬಾಗಿಲಿಗೆ ಅಂಟಿಸಿದೆ. ನೀವು ‘ಥ್ಯಾಂಕ್ಸ್ ಅಕ್ಕಾ’ ಎಂದಿರಿ.

ಜನವರಿ ನಾಲ್ಕಕ್ಕೆ ನೀವೇ ಫೋನ್ ಮಾಡಿದಿರಿ. ಕಾಫಿ ಕೊಯ್ಲು ಜೋರಾಗಿದೆ, ದಿನಕ್ಕೆ ಎರಡು ಟ್ರಿಪ್ಪು ಹೆಚ್ಚಾಗಿದೆ, ಚೀಟಿಯಲ್ಲಿ ಏಪ್ರಿಲ್ ಎಂದಿದೆಯಲ್ಲ, ಸರಿಯೇ ಎಂದು ಕೇಳಿದಿರಿ. ಇವರು ಹತ್ತು ಮಾರು ದೂರದಲ್ಲಿ ಒಂದು ಪಿಕಪ್ಪಿನ ಕೆಳಗಿದ್ದರು. ನಾನು ದನಿ ತಗ್ಗಿಸಿ ಹೇಳಿದೆ, ಈ ಸಲ ಹಾಕಿದ್ದು ಬೇರೆ ಆಯಿಲ್, ತುಂಬ ದಿನ ಬರುತ್ತದೆ ಎಂದು. ಅಲ್ಲಿಗೇ ನಿಲ್ಲಿಸಬಹುದಿತ್ತು. “ಇವ್ರೇ ಹೇಳಿದಾರೆ, ಏಪ್ರಿಲ್ ತನಕ ಸುಮ್‌ಸುಮ್ನೆ ಬರೋದು ಬೇಡ ಅಂತ” ಎಂದೂ ಸೇರಿಸಿದೆ. ನೀವು ಹಿಂದಿನ ಹಾಗೆ ‘ಅಕ್ಕಾ’ ಎನ್ನಲಿಲ್ಲ. ಬರೀ ‘ಆಯ್ತು’ ಎಂದು ಫೋನಿಟ್ಟಿರಿ. ಆ ಒಂದು ಪದ ಕೇಳಿ ನನಗೆ ಎಷ್ಟು ಸಂತೋಷವಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಅವತ್ತು ಸಂಜೆ ಕಡುಬು ಮಾಡಿದ್ದೆ.

ಜನವರಿ ಕಳೆಯಿತು. ಇವರು ನಿಮ್ಮ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ. ಎತ್ತದೆ ಇದ್ದದ್ದರಲ್ಲೂ ನನಗೆ ಸಂಶಯವೇ ಕಂಡಿತು.

ಆಮೇಲೆ ಆದದ್ದು ನನಗಿಂತ ನಿಮಗೆ ಗೊತ್ತು. ಆ ಸುದ್ದಿ ನಮಗೆ ಬಂದಾಗ ಸಂಜೆ ಐದೂವರೆ. ಏರಿನ ನಡುವೆ ಎಂಜಿನ್ ಹಿಡಿದುಕೊಂಡು, ಜೀಪು ಹಿಂದಕ್ಕೆ ಉರುಳಿ, ನೀವು ಕಣಿವೆಯ ಕಡೆಗೆ ಬಿಡದೆ ರಸ್ತೆಯ ಮೇಲ್ಬದಿಯ ಮಣ್ಣಿನ ಧರೆಗೆ ಗುದ್ದಿಸಿ ನಿಲ್ಲಿಸಿದಿರಿ ಎಂದರು. ಹನ್ನೊಂದು ಜನರಲ್ಲಿ ಶಾಂತಕ್ಕನ ಬಲಗೈ ಮುರಿಯಿತು ಎಂದರು. ನಾನು ಮೊದಲು ಕೇಳಿದ್ದು ರೇಖಾಗೆ ಏನಾಯಿತು ಎಂದು. ಏನೂ ಆಗಲಿಲ್ಲ ಎಂದು ತಿಳಿದು ಸಮಾಧಾನವಾಯಿತೋ ಇಲ್ಲವೋ, ನನ್ನನ್ನು ನಾನೇ ಎಷ್ಟು ಕೆದಕಿದರೂ ಉತ್ತರ ಸಿಕ್ಕಿಲ್ಲ.

ಇವರು ಮರುದಿನ ಅಲ್ಲಿಗೆ ಬಂದು ಎಂಜಿನ್ ಬಿಚ್ಚಿದರು. ಒಳಗೆ ಆಯಿಲ್ ಇದ್ದದ್ದು ತಳದಲ್ಲಿ ಒಂದಿಷ್ಟು, ಅದೂ ಟಾರಿನ ಹಾಗೆ. ಏರಿನಲ್ಲಿ ಅದೂ ಹಿಂದಕ್ಕೆ ಸರಿದು ಪಂಪಿಗೆ ಬರೀ ಗಾಳಿ ಸಿಕ್ಕಿದೆ. ಬಾಗಿಲಿನ ಚೀಟಿಯನ್ನು ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟು, ಇದೇನು ಎಂದು ಕೇಳಿದರು. ನಾನು ತಲೆ ಎತ್ತದೆ ಹೇಳಿದೆ, “ನೀವೇ ನೂರೈವತ್ತು ಅಂದ್ರಲ್ಲ.” ಇವರು ಚೀಟಿಯನ್ನು ಮತ್ತೊಮ್ಮೆ ನೋಡಿದರು. “ಐವತ್ತು ಅಂದ್ನಾ, ನೂರೈವತ್ತು ಅಂದ್ನಾ?” ಎಂದು ತಮ್ಮನ್ನೇ ಕೇಳಿಕೊಂಡರು. ಮತ್ತೆ ನನ್ನನ್ನು ಕೇಳಲಿಲ್ಲ. ನನ್ನ ಮಾತನ್ನು ನಂಬಿ ತಮ್ಮ ನಾಲಗೆಯನ್ನು ಬಿಟ್ಟುಕೊಟ್ಟರು.

ಆವತ್ತಿನಿಂದ ನಾನು ಕಾಯುತ್ತಿದ್ದೆ, ನೀವು ಜನವರಿಯ ಫೋನಿನ ವಿಷಯ ಇವತ್ತು ಹೇಳುತ್ತೀರಿ, ನಾಳೆ ಹೇಳುತ್ತೀರಿ ಎಂದು. ನೀವು ಹೇಳಲೇ ಇಲ್ಲ. ಯಾಕೆ ಎಂದು ನನಗೆ ಇಂದಿಗೂ ತಿಳಿದಿಲ್ಲ.

ಮಾರ್ಚಿನಿಂದ ಇವರು ಆ ಎಂಜಿನ್ ಮತ್ತೆ ಕಟ್ಟಿಕೊಡಲು ಪ್ರತಿ ಭಾನುವಾರ ನಿಮ್ಮಲ್ಲಿಗೆ ಹೊರಟರು. ನಿಮ್ಮನ್ನು ಐವತ್ತು ದಿನಕ್ಕೊಮ್ಮೆ ನೋಡಬಾರದು ಎಂದು ನಾನು ಮಾಡಿದ ಕೆಲಸದಿಂದ ಇವರು ಏಳು ದಿನಕ್ಕೊಮ್ಮೆ ನಿಮ್ಮ ಮನೆಯಲ್ಲಿ ಉಣ್ಣುವಂತಾಯಿತು. ಬರುವಾಗ ನಿಮ್ಮ ಮನೆಯ ಹೊಗೆಯ ವಾಸನೆ ಅಂಗಿಯಲ್ಲಿರುತ್ತಿತ್ತು. ಆ ಅಂಗಿಯನ್ನು ನಾನು ಬೇರೆಯಾಗಿ ನೆನೆಹಾಕುತ್ತಿದ್ದೆ.

ಮೇ ನಾಲ್ಕರ ಭಾನುವಾರ ಇವರು ಹೊರಟ ಮೇಲೆ ನಾನೂ ಬಸ್ಸು ಹತ್ತಿದೆ. ಶಾಂತಕ್ಕನನ್ನು ನೋಡಲು ಬಂದೆ ಎಂದು ನಿಮಗೆ ಹೇಳಿದೆನಲ್ಲ, ಅದು ಸುಳ್ಳು. ನಿಮ್ಮಿಬ್ಬರನ್ನು ಹಿಡಿಯಲು ಬಂದಿದ್ದೆ. ಕಂಡದ್ದು ಏನು? ನಿಮ್ಮ ಅತ್ತೆ ಸೀತಕ್ಕ ಜಗಲಿಯಲ್ಲಿ ಕೂತು ಹುಣಸೆ ಬಿಡಿಸುತ್ತಿದ್ದರು. ನೀವಿಬ್ಬರೂ ಪಿಸ್ಟನ್ನಿನ ರಿಂಗು ಹಿಡಿದುಕೊಂಡು, ಇದು ಸರಿಯಾದ ಸೈಜು ಹೌದೋ ಅಲ್ಲವೋ ಎಂದು ಜಗಳವಾಡುತ್ತಿದ್ದಿರಿ. ನಿಮ್ಮ ಮಾತಿಗೆ ಇವರು ಒಪ್ಪಿದರು. ನನಗೆ ಅದನ್ನೂ ಸಹಿಸಲಾಗಲಿಲ್ಲ. ಆಗ ಪಕ್ಕದ ಮನೆಯಿಂದ ಶಾಂತಕ್ಕ ಬಂದಳು. ಬಲಗೈ ಇನ್ನೂ ಎದೆಗೆ ಕಟ್ಟಿಕೊಂಡಿದ್ದಳು. ಗ್ಯಾರೇಜಿನ ಅಮ್ಮ ಬಂದಿದಾರೆ ಎಂದು ಒಳಗೋಡಿ ಹಲಸಿನ ಹಣ್ಣು ತಂದು, ಎಡಗೈಯೊಂದರಲ್ಲೇ ತೊಳೆ ಬಿಡಿಸತೊಡಗಿದಳು. ಆಗಲಿಲ್ಲ. ಹಣ್ಣನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಬಿಡಿಸಿದಳು. “ಕಾಲಲ್ಲಿ ಮುಟ್ಟಿದ್ದು ಅಂತ ಬೇಡ ಅನ್ಬೇಡಿ ಅಮ್ಮ, ತೊಳೆದ ಕಾಲು” ಎಂದಳು. ನಾನು ಐದು ತೊಳೆ ತಿಂದೆ.

ಅಲ್ಲೇ ಹೇಳಬೇಕಿತ್ತು. ಹೇಳದೆ ಮೂರು ಗಂಟೆಯ ಬಸ್ಸು ಹಿಡಿದೆ.

ಹೋದ ಸೋಮವಾರ ಹಿರೇಕೊಡಿಗೆಯ ವೆಂಕಟರಮಣ ಭಟ್ಟರು ತಮ್ಮ ಹಳೆಯ ಕಾರು ತಂದಿದ್ದರು. ಇಪ್ಪತ್ತು ವರ್ಷ ಆಯ್ತಲ್ಲ ಮಾರಾಯ, ಇನ್ನು ಎಷ್ಟಕ್ಕೊಮ್ಮೆ ಆಯಿಲ್ ಬದಲಿಸಲಿ ಎಂದು ಕೇಳಿದರು. ಕಿವಿಯಲ್ಲಿ ಕೇಳಿಯೇ ಎಂಜಿನ್ನಿನ ವಯಸ್ಸು ಹೇಳುತ್ತಿದ್ದ ಮನುಷ್ಯ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, “ನಂಗೆ ಗೊತ್ತಿಲ್ಲ ಭಟ್ರೇ. ಕಂಪೆನಿ ಪುಸ್ತಕ ಇದ್ರೆ ಅದ್ರಲ್ಲಿ ನೋಡಿ” ಎಂದರು. ಭಟ್ಟರು ನಕ್ಕರು, ತಮಾಷೆ ಎಂದುಕೊಂಡು. ಅವರು ಹೋದ ಮೇಲೆ ಇವರು ನನಗೆ ಹೇಳಿದರು, ಈ ಮಳೆಗಾಲ ಕಳೆದರೆ ಗ್ಯಾರೇಜು ಮುಚ್ಚುತ್ತೇನೆ, ಇನ್ನೊಬ್ಬರ ಜೀವ ನನ್ನ ಬಾಯಲ್ಲಿ ಇಟ್ಟುಕೊಳ್ಳಲು ಧೈರ್ಯವಿಲ್ಲ ಎಂದು.

ಆಗ ಹೇಳಿದೆ. ನಿಂತಲ್ಲೇ, ಎಲ್ಲವನ್ನೂ. “ನೀವು ಐವತ್ತು ಅಂತ್ಲೇ ಅಂದಿದ್ರಿ” ಎಂದು ಇವರಿಗೆ ಹೇಳಿದೆ.

ಇವರು ಕೂಗಾಡಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಜಾಗದಲ್ಲಿ ತೂಗುಹಾಕಿದರು. ಆಮೇಲೆ ಕೇಳಿದ ಮೊದಲ ಮಾತು, “ಅವಳಿಗೆ ಹೇಳಿದೀಯಾ?” ಅವಳಿಗೆ ಎಂದರು. ಅವರಿಗೆ ಎನ್ನಲಿಲ್ಲ. ಅಂಥ ಹೊತ್ತಿನಲ್ಲೂ ನನ್ನ ಕಿವಿ ಅದನ್ನು ಹೆಕ್ಕಿಕೊಂಡಿತು ನೋಡಿ. ಇಲ್ಲ ಎಂದೆ. “ಮೊದ್ಲು ಹೇಳು” ಎಂದು ಹೊರಗೆ ಹೋದರು. ನಾನು ಬ್ಯಾಗು ಹಿಡಿದು ಹೊರಟಾಗ ಹೋಗು ಎನ್ನಲಿಲ್ಲ, ಇರು ಎಂದೂ ಎನ್ನಲಿಲ್ಲ.

ಕ್ಷಮಿಸಿ ಎಂದು ಬರೆದರೆ ಶಾಂತಕ್ಕನ ಕೈ ನೆಟ್ಟಗಾಗುವುದಿಲ್ಲ. ಈ ಕಾಗದವನ್ನು ಅವಳಿಗೆ ಓದಿ ಹೇಳಿ. ತೋಟದ ಮ್ಯಾನೇಜರಿಗೂ ತೋರಿಸಿ. ಹೆಂಗಸಿಗೆ ಗಾಡಿ ನೋಡಿಕೊಳ್ಳಲು ಬರುವುದಿಲ್ಲ ಎಂದು ನಿಮ್ಮ ಟ್ರಿಪ್ಪು ಕಿತ್ತುಕೊಂಡರಂತಲ್ಲ, ಅವರು ಇದನ್ನು ಓದಲಿ. ಪೋಲೀಸಿಗೆ ಕೊಟ್ಟರೂ ನಾನು ಇಲ್ಲ ಎನ್ನುವುದಿಲ್ಲ. ನನ್ನ ಅಕ್ಷರ ಚೀಟಿಯಲ್ಲೂ ಇದೆ, ಇಲ್ಲೂ ಇದೆ.

ಇಂತಿ,
ಕುಸುಮಾ

ಮರೆತದ್ದು: ಇವರನ್ನು ಅಣ್ಣ ಎನ್ನುವುದನ್ನು ನೀವು ಯಾಕೆ ಬಿಟ್ಟಿರಿ? ಬೇರೆ ಯಾವುದಕ್ಕೂ ಉತ್ತರ ಬರೆಯದಿದ್ದರೆ ಬೇಡ. ಇದಕ್ಕೆ ಬರೆಯಿರಿ.

ಬಸರೀಕಟ್ಟೆ
3 ಜೂನ್ 2025

ಕುಸುಮಕ್ಕನಿಗೆ,

ನಿಮ್ಮ ಕಾಗದ ಬಂದು ಎಂಟು ದಿನವಾಯಿತು. ಮೊದಲ ನಾಲ್ಕು ದಿನ ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು. ಈಗಲೂ ಸಿಟ್ಟು ಹೋಗಿಲ್ಲ. ಕ್ಷಮಿಸಿದ್ದೇನೆ ಎಂದು ಬರೆಯಲು ನನಗೆ ಬರುವುದಿಲ್ಲ. ಆ ಏರಿನಲ್ಲಿ ಕ್ಲಚ್ಚು ತುಳಿದಾಗ ಹಿಂದೆ ಹನ್ನೊಂದು ಜನ ಒಟ್ಟಿಗೆ ಕಿರುಚಿದರು. ಬ್ರೇಕು ಹಿಡಿಯಲಿಲ್ಲ. ಕನ್ನಡಿಯಲ್ಲಿ ಕಣಿವೆ ಕಾಣುತ್ತಿತ್ತು. ಈಗಲೂ ಪಾತ್ರೆ ಬಿದ್ದ ಸದ್ದಾದರೆ ನನ್ನ ಕಾಲು ತಾನಾಗಿ ನೆಲವನ್ನು ಒತ್ತುತ್ತದೆ.

ಶಾಂತಕ್ಕನಿಗೆ ಓದಿ ಹೇಳಿದೆ. ಹಲಸಿನ ಹಣ್ಣಿನ ಜಾಗವನ್ನು ಎರಡು ಸಲ ಓದಿಸಿದಳು. ಬೈಯಲಿಲ್ಲ, ಅಳಲಿಲ್ಲ. “ಕಾಗ್ದ ಎಂತಕ್ಕೆ, ಬಂದು ನನ್ನೆದುರಿಗೆ ಕೂತು ಹೇಳ್ಲಿ” ಎಂದಳು. ಕೈ ಅರ್ಧ ಮಾತ್ರ ಮೇಲೇಳುತ್ತದೆ. ಕಾಫಿ ಗಿಡದ ಮೇಲಿನ ಕೊಂಬೆ ಎಟುಕುವುದಿಲ್ಲ. ಡಾಕ್ಟರು ದಿನಾ ಎಣ್ಣೆ ಹಚ್ಚಿ ತಿಕ್ಕಬೇಕು ಎಂದಿದ್ದಾರೆ, ಅವಳ ಮನೆಯಲ್ಲಿ ತಿಕ್ಕುವವರು ಯಾರೂ ಇಲ್ಲ. ನೀವು ಬರುವುದಾದರೆ ಒಂದು ದಿನಕ್ಕೆ ಬರಬೇಡಿ, ನಾಲ್ಕು ದಿನ ಇರುವ ಹಾಗೆ ಬನ್ನಿ. ಮ್ಯಾನೇಜರಿಗೂ ತೋರಿಸಿದೆ. ಜೂನ್ ಹದಿನೈದರಿಂದ ಟ್ರಿಪ್ಪು ವಾಪಸು ಕೊಡುತ್ತಾರಂತೆ.

ನೀವು ಮುಚ್ಚದೆ ಬರೆದಿದ್ದೀರಿ, ಹಾಗಾಗಿ ನಾನೂ ಬರೆಯುತ್ತೇನೆ. ಎಲ್ಲ ತಪ್ಪೂ ನಿಮ್ಮದಲ್ಲ. ಸೋಮವಾರ ಸೋಮವಾರ ಡಿಪ್‌ಸ್ಟಿಕ್ ನೋಡಬೇಕು ಎಂದು ಅವರು ನನಗೆ ಕಲಿಸಿದ್ದರು. ನಾನು ಒಂದು ಸೋಮವಾರವೂ ತಪ್ಪಿಸುತ್ತಿರಲಿಲ್ಲ. ಜನವರಿಯಲ್ಲಿ ನೀವು ಆ ಮಾತು ಹೇಳಿದ ಮೇಲೆ ನೋಡುವುದನ್ನು ಬಿಟ್ಟೆ. ಸುಮ್‌ಸುಮ್ನೆ ಬರೋದು ಬೇಡ ಎಂದು ಅವರೇ ನಿಮ್ಮ ಬಾಯಲ್ಲಿ ಹೇಳಿಸಿದ್ದಾರೆ ಎಂದುಕೊಂಡೆ. ನನ್ನ ಮುಖಕ್ಕೆ ಬಾಗಿಲು ಹಾಕಿದರು ಅನ್ನಿಸಿತು. ಬಾನೆಟ್ಟು ಎತ್ತಿದರೆ ಅವರ ಮಾತೇ ನೆನಪಾಗುತ್ತಿತ್ತು, ಅದಕ್ಕೆ ಎತ್ತಲಿಲ್ಲ. ಏಳು ಸೋಮವಾರ. ಒಂದು ಸಲ ಎತ್ತಿದ್ದರೂ ಆಯಿಲ್ ಇಲ್ಲ ಎಂದು ಕಾಣುತ್ತಿತ್ತು. ಶಾಂತಕ್ಕನಿಗೆ ಇದನ್ನೂ ಹೇಳಿದ್ದೇನೆ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಫೋನಿನ ವಿಷಯ ಅವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀರಿ. ಹೇಳಿದರೆ, ಅವರು ಹಾಗೆ ಹೇಳಿಸಿದ್ದು ನನಗೆ ನೋವಾಯಿತು ಎಂದೂ ಹೇಳಿದ ಹಾಗೆ ಆಗುತ್ತಿತ್ತು. ಯಾಕೆ ನೋವಾಯಿತು ಎಂದು ಅವರು ಕೇಳಿದ್ದರೆ?

ಅಣ್ಣ ಎನ್ನುವುದನ್ನು ಬಿಟ್ಟದ್ದು ನಿಮಗೆ ಕೇಳಿಸಿತ್ತು ಎಂದು ಓದಿ ನನಗೆ ಬೆವರು ಬಂತು. ಅದು ನನಗೇ ಗೊತ್ತಾಗದೆ ಬಿಟ್ಟುಹೋಗಿತ್ತು. ಗೊತ್ತಾದ ಮೇಲೆ ಮತ್ತೆ ಸೇರಿಸಲು ಬಾಯಿ ಬರಲಿಲ್ಲ. ನಿಮ್ಮ ಸಂಶಯ ಪೂರ್ತಿ ಸುಳ್ಳಲ್ಲ ಕುಸುಮಕ್ಕ. ಏನೂ ನಡೆದಿಲ್ಲ, ಯಾರೂ ಏನೂ ಆಡಿಲ್ಲ, ಅತ್ತೆಯ ಮೇಲೆ ಆಣೆ. ಆದರೆ ನಾನು ಎರಡು ಸಲ ಬೇಗ ಬಂದದ್ದು ಓಡಾಟ ಜಾಸ್ತಿಯಾಗಿ ಅಲ್ಲ. ಮೂರು ಸಾವಿರ ಎಂದು ಸುಳ್ಳು ಹೇಳಿದೆ. ಅಲ್ಲಿ ಒಬ್ಬರು ನನ್ನ ಗಾಡಿಯ ಬಗ್ಗೆ ನನಗೆ ಅರ್ಥವಾಗುವ ಹಾಗೆ ಮಾತಾಡುತ್ತಿದ್ದರು. ನಾನು ಏನಾದರೂ ಕೇಳಿದರೆ ಅದು ಕೇಳುವಂಥ ಮಾತು ಎನ್ನುವ ಹಾಗೆ ಉತ್ತರ ಕೊಡುತ್ತಿದ್ದರು. ನನ್ನ ಗಂಡ ಇದ್ದಾಗ ಆ ಜೀಪಿನ ಸ್ಟೇರಿಂಗನ್ನು ನನಗೆ ಮುಟ್ಟಲು ಬಿಟ್ಟವರಲ್ಲ. ಆ ಅರ್ಧ ಗಂಟೆಗಾಗಿ ಬರುತ್ತಿದ್ದೆ. ಸುಳ್ಳು ಹೇಳಿದ್ದು ಅವರಿಗೆ ಗೊತ್ತಿಲ್ಲ. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ನಿಮ್ಮ ಮೇಲೆ ನನಗೂ ಹೊಟ್ಟೆಕಿಚ್ಚಿತ್ತು. ಹಲಗೆಯ ಆಚೆ ಕೂತು ನೀವು ಮಾತೇ ಆಡದೆ ಇದ್ದರೂ ಮಧ್ಯಾಹ್ನ ಒಂದು ಗಂಟೆಗೆ ಅವರು ಎದ್ದು ನಿಮ್ಮ ಕಡೆಗೇ ಬರುತ್ತಿದ್ದರು.

ಕಟ್ಟಿದ ಎಂಜಿನ್ ಈಗ ಜೀಪಿನಲ್ಲಿ ಕೂತಿದೆ. ಹೊಸದಾಗಿ ಕಟ್ಟಿದ್ದಕ್ಕೆ ಮೊದಲ ಆಯಿಲ್ ಐನೂರು ಕಿಲೋಮೀಟರಿಗೇ ತೆಗೆಯಬೇಕಂತೆ, ಆಮೇಲೆ ನಾಲ್ಕು ಸಾವಿರಕ್ಕೊಮ್ಮೆ ಸಾಕಂತೆ. ಹೊಸ ಮೀಟರೂ ಹಾಕಿಸಿದ್ದೇನೆ. ಇನ್ನು ಕೊಪ್ಪಕ್ಕೆ ಬರುವುದಿಲ್ಲ, ಶೃಂಗೇರಿಯಲ್ಲಿ ಒಬ್ಬರು ಒಪ್ಪಿದ್ದಾರೆ. ಕಳೆದ ಭಾನುವಾರ ಅವರಿಗೆ ಇಷ್ಟನ್ನೇ ಹೇಳಿದೆ. ಸರಿ ಎಂದರು. ಸಾಮಾನಿನ ಚೀಲ ಕಟ್ಟಿಕೊಂಡು ಹೋದರು.

ನೀವು ಮನೆಗೆ ಹೋಗಿ. ಬರೆಯುವವರಿಲ್ಲದೆ ಅಲ್ಲಿ ಯಾರಿಗೆ ಯಾವಾಗ ಫೋನ್ ಮಾಡಬೇಕು ಎಂದು ಅವರಿಗೆ ತಿಳಿಯುತ್ತಿಲ್ಲವಂತೆ. ಹೋದವರು ಸುಮ್ಮನೆ ತಾರೀಖು ಬರೆಯುತ್ತ ಕೂರಬೇಡಿ. ಯಾಕೆ ಎಂದು ಕೇಳಿ. ಹೇಳುವ ತನಕ ಬರೆಯುವುದಿಲ್ಲ ಎಂದು ಪೆನ್ನು ಕೆಳಗಿಡಿ.

ಹೀಗೆ,
ರೇಖಾ

ಕಾಗದ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಾನು ಹೇಳಿದ ಸುಳ್ಳು ಅವರಿಗೆ ಗೊತ್ತಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸರಿಯಲ್ಲ. ಹೋದ ಆಗಸ್ಟಿನಲ್ಲಿ ಧರೆ ಕುಸಿದು ನಮ್ಮ ರಸ್ತೆ ಇಪ್ಪತ್ತು ದಿನ ಬಂದ್ ಆಗಿತ್ತು. ನನ್ನ ಜೀಪು ಅಂಗಳ ಬಿಟ್ಟು ಅಲುಗಿರಲಿಲ್ಲ. ಕುಸಿದ ಜಾಗದಲ್ಲಿ ಕೆಟ್ಟು ನಿಂತ ಲಾರಿಯನ್ನು ರಿಪೇರಿ ಮಾಡಲು ಅವರೇ ಬಂದಿದ್ದರು, ಎಲ್ಲವನ್ನೂ ಕಣ್ಣಾರೆ ನೋಡಿದ್ದರು. ರಸ್ತೆ ಬಿಟ್ಟ ವಾರಕ್ಕೆ, ನಿಮ್ಮ ಪುಸ್ತಕದ ಆ ಮೂವತ್ತಾರನೇ ದಿನ, ನಾನು ಬಂದು ಮೂರು ಸಾವಿರ ಆಗಿದೆ ಎಂದೆ. ಅವರು ಡಿಪ್‌ಸ್ಟಿಕ್ ಎಳೆದು ಬೆರಳಲ್ಲಿ ತಿಕ್ಕಿ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಹಲಗೆಯ ಕಡೆ ತಿರುಗಿ, “ಕುಸುಮಾ, ಮೂರು ಸಾವಿರ ಆಗಿದೆ, ಬರ್ಕೋ” ಎಂದರು. ನೀವು ಬರೆದುಕೊಂಡಿರಿ.